ಮೂಗು ಕಟ್ಟಿಕೊಟ್ಟವನ ಹೆಸರೇನು?

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆಯವರಿಗೆ ವೀರಗಲ್ಲು ಹೊಸದಲ್ಲ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯೋ ಅಪ್ಸರೆಯರು, ಮೇಲೆ ಸ್ವರ್ಗ. ಯುದ್ಧದಲ್ಲಿ ಸತ್ತವನಿಗೆ ಕಲ್ಲು ನಿಲ್ಲಿಸಿದ್ರು, ಸರಿ. ಗಾಯಗೊಂಡು ಬದುಕಿದವನ ಕಥೆ? ಅವನಿಗೆ ಮದ್ದು ಮಾಡಿದವನ ಕಥೆ?

ಅಂಥದ್ದೊಂದು ಕಥೆ ಮೂರನೇ ಮೈಸೂರು ಯುದ್ಧದ್ದು. ಕಾವಸ್‌ಜಿ ಅಂತ ಒಬ್ಬ ಮರಾಠಿ ರೈತ. ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯೋ ಕೆಲಸ. 1792ರ ಹೊತ್ತಿಗೆ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿಬಿದ್ದ. ಮೂಗು ಕೊಯ್ದರು, ಒಂದು ಕೈಯನ್ನೂ ಕಡಿದರು. ಜೀವ ಉಳೀತು, ಮುಖ ಉಳಿಯಲಿಲ್ಲ. ವರ್ಷಕ್ಕೂ ಹೆಚ್ಚು ಕಾಲ ಹಾಗೇ ಬದುಕಿದ.

ಕೊನೆಗೆ ಅವನಿಗೆ ಮೂಗು ಕಟ್ಟಿಕೊಟ್ಟವನು ಸೈನ್ಯದ ಡಾಕ್ಟರ್ ಅಲ್ಲ. ಪುಣೆ ಹತ್ತಿರದ, ಇಟ್ಟಿಗೆ ಮಾಡುವ ಜಾತಿಯ ಒಬ್ಬ ಮನುಷ್ಯ.

ಹೇಗೆ ಮಾಡಿದ ಗೊತ್ತಾ? ಮೊದಲು ತೆಳು ಮೇಣದಲ್ಲಿ ಮೂಗಿನ ಅಚ್ಚು. ಅದನ್ನ ಚಪ್ಪಟೆ ಮಾಡಿ ಹಣೆ ಮೇಲಿಟ್ಟು ಸುತ್ತ ಗೆರೆ ಎಳೆದ. ಅಷ್ಟು ಚರ್ಮ ಬಿಡಿಸಿದ, ಆದ್ರೆ ಹುಬ್ಬುಗಳ ನಡುವೆ ಒಂದು ಎಳೆ ಹಾಗೇ ಬಿಟ್ಟ. ರಕ್ತ ಹರಿಯೋ ದಾರಿ ಅದು. ಕತ್ತರಿಸಿದ್ರೆ ಹೊಸ ಮೂಗು ಸಾಯುತ್ತೆ. ಚರ್ಮವನ್ನ ತಿರುವಿ ಕೆಳಗಿಳಿಸಿ ಕೂರಿಸಿದ. ಮೇಲೆ ಕಾಚು ಸವರಿದ ಬಟ್ಟೆ, ನಾಲ್ಕು ದಿನದ ನಂತರ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೇ ದಿನ ಆ ಎಳೆಯನ್ನ ಕತ್ತರಿಸಿದ. ಅಷ್ಟರಲ್ಲಿ ಮೂಗು ಕಚ್ಚಿಕೊಂಡಿತ್ತು.

ಬಾಂಬೆಯ ಇಬ್ಬರು ಇಂಗ್ಲಿಷ್ ವೈದ್ಯರು ಇದನ್ನ ಕಣ್ಣಾರೆ ನೋಡಿದ್ರು. ಜೇಮ್ಸ್ ವೇಲ್ಸ್ ಕಾವಸ್‌ಜಿಯ ಚಿತ್ರ ಬರೆದ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಸುದ್ದಿ ಅಚ್ಚು ಹಾಕಿತು. ಅದರಿಂದ ಪ್ರೇರಣೆ ಪಡೆದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್‌ನಲ್ಲಿ ಇದೇ ಆಪರೇಷನ್ ಮಾಡಿದ. ಅವನ ಎರಡನೇ ರೋಗಿ, ಯುದ್ಧದಲ್ಲಿ ಕತ್ತಿಯೇಟು ತಿಂದ ಸೇನಾಧಿಕಾರಿ. ಹಣೆಯ ಚರ್ಮದಿಂದ ಮೂಗು ಕಟ್ಟೋ ವಿಧಾನ ಇವತ್ತಿಗೂ ಪ್ಲಾಸ್ಟಿಕ್ ಸರ್ಜರಿಯಲ್ಲಿದೆ.

ಈಗ ನೋಡಿ. ರೋಗಿಯ ಹೆಸರಿದೆ, ನೋಡಿದವರ ಹೆಸರಿದೆ, ಚಿತ್ರ ಬರೆದವನ ಹೆಸರಿದೆ, ಲಂಡನ್ನಿನ ಸರ್ಜನ್ ಹೆಸರಿದೆ. ಚಾಕು ಹಿಡಿದವನದು ಮಾತ್ರ ಇಲ್ಲ. ಪತ್ರಿಕೆ ಅವನ ಜಾತಿ ಬರೀತು, ಹೆಸರು ಬರೀಲಿಲ್ಲ.

ನಿಮ್ಮೂರಲ್ಲೂ ಮೂಳೆ ಕಟ್ಟೋ ಅಜ್ಜ, ಹೆರಿಗೆ ಮಾಡಿಸೋ ಅಜ್ಜಿ ಇದ್ದಿರಬಹುದು. ಮೊಬೈಲ್ ಕೈಯಲ್ಲೇ ಇದೆಯಲ್ಲ, ಈಗಲೇ ಅವರ ಹೆಸರು ಬರೆದಿಡಿ. ಮುಂದಿನ ವಾರ ಸಿಗೋಣ.