ಪಟ್ಟಿಯ ಅಂಕಿ, ಪರದೆಯ ವೇಗ: 1999ರ ಎರಡು ಗ್ರಾಫಿಕ್ಸ್ ಕಾರ್ಡುಗಳು

ಮೂರು ಆಯಾಮದ ದೃಶ್ಯಗಳನ್ನು ಬಿಡಿಸುವ ಹೊರೆಯನ್ನು ಕಂಪ್ಯೂಟರಿನ ಮುಖ್ಯ ಪ್ರೊಸೆಸರಿನಿಂದ ಇಳಿಸಿ ಪ್ರತ್ಯೇಕ ಕಾರ್ಡೊಂದಕ್ಕೆ ವಹಿಸುವ ಪದ್ಧತಿ ಮನೆಬಳಕೆಯ ಯಂತ್ರಗಳಲ್ಲಿ ನೆಲೆಯೂರಿದ್ದು 1990ರ ದಶಕದ ಉತ್ತರಾರ್ಧದಲ್ಲಿ. ಎರಡು ಕಾರ್ಡುಗಳನ್ನು ಎದುರುಬದುರು ಇಟ್ಟು ತೂಗಿನೋಡುವ ರೂಢಿಯೂ ಅದರ ಬೆನ್ನಿಗೇ ಬೆಳೆಯಿತು. ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯಿಂದ ಹೊರಬಂದ ಎಂಜಿನಿಯರುಗಳು 1994ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಕಟ್ಟಿದ ತ್ರೀಡಿಎಫ್‌ಎಕ್ಸ್ ಕಂಪನಿಯ ವೂಡೂ ಗ್ರಾಫಿಕ್ಸ್ ಚಿಪ್‌ಗಳು 1996ರಲ್ಲಿ ಮಾರುಕಟ್ಟೆಗೆ ಬಂದವು. ಸೆಕೆಂಡಿಗೆ 5 ಕೋಟಿ ಮಿಡಿತಗಳ, ಅಂದರೆ 50 ಮೆಗಾಹರ್ಟ್ಜ್ ವೇಗದ, 4 ಮೆಗಾಬೈಟ್ ಮೆಮೊರಿಯ ಆ ಕಾರ್ಡು ಆಟಗಳನ್ನಷ್ಟೇ ಬಿಡಿಸಬಲ್ಲದಾಗಿತ್ತು. ದಿನನಿತ್ಯದ ಕೆಲಸಕ್ಕೆ ಹಳೆಯ ಕಾರ್ಡನ್ನೂ ಉಳಿಸಿಕೊಂಡು, ಎರಡನ್ನೂ ಕೇಬಲ್ಲಿನಿಂದ ಜೋಡಿಸಬೇಕಾಗಿತ್ತು.

ಹೋಲಿಕೆಗೆ ಬೇಕಾದ ಅಳತೆಗೋಲು ಆಟದ ಒಳಗಿನಿಂದಲೇ ದೊರೆಯಿತು. ಇಡ್ ಸಾಫ್ಟ್‌ವೇರ್ ಸಂಸ್ಥೆಯ ಕ್ವೇಕ್ ಆಟದಲ್ಲಿ ಟೈಮ್‌ಡೆಮೊ ಎಂಬ ಸೌಲಭ್ಯವಿತ್ತು: ಮೊದಲೇ ದಾಖಲಿಸಿದ ಆಟವೊಂದನ್ನು ಯಂತ್ರಕ್ಕೆ ಸಾಧ್ಯವಾದಷ್ಟು ವೇಗವಾಗಿ ಮರುನಡೆಸಿ, ಮೂಡಿದ ಫ್ರೇಮ್‌ಗಳನ್ನು, ಅಂದರೆ ಪೂರ್ಣ ಚಿತ್ರಗಳನ್ನು, ಎಣಿಸಿ, ತಗಲಿದ ಕಾಲದಿಂದ ಭಾಗಿಸಿ ಸರಾಸರಿಯನ್ನು ತಿಳಿಸುವುದು ಅದರ ಕೆಲಸ. ಒಂದೇ ದಾಖಲೆ ಎಲ್ಲ ಯಂತ್ರಗಳಲ್ಲಿ ಒಂದೇ ರೀತಿ ನಡೆಯುತ್ತಿದ್ದುದರಿಂದ, ಬೇರೆ ಬೇರೆ ಊರುಗಳಲ್ಲಿ ಪಡೆದ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಜೋಡಿಸಲು ಸಾಧ್ಯವಾಯಿತು. ಗ್ರಾಫಿಕ್ಸ್ ಕಾರ್ಡಿನ ನೆರವು ಪಡೆಯುವ ಕ್ವೇಕ್ ಆವೃತ್ತಿ 1997ರ ಜನವರಿಯಲ್ಲಿ ಹೊರಬಂದ ಬಳಿಕ ಈ ಒಂದು ಸಂಖ್ಯೆಯೇ ಕಾರ್ಡುಗಳ ಯೋಗ್ಯತೆಯ ಗುರುತಾಯಿತು.

ಈ ರೂಢಿಯ ಬಲವೂ ಮಿತಿಯೂ ಒಟ್ಟಿಗೆ ಕಾಣಿಸುವುದು 1999ರ ಎರಡು ಪ್ರತಿಸ್ಪರ್ಧಿಗಳಲ್ಲಿ: ತ್ರೀಡಿಎಫ್‌ಎಕ್ಸ್‌ನ ವೂಡೂ3 3000 ಮತ್ತು ಎನ್ವಿಡಿಯಾದ ರಿವಾ ಟಿಎನ್‌ಟಿ2 ಅಲ್ಟ್ರಾ. ಮೊದಲನೆಯದರ ಚಿಪ್ 166 ಮೆಗಾಹರ್ಟ್ಜ್‌ನದು, ಮೆಮೊರಿ 16 ಮೆಗಾಬೈಟ್. ಎರಡನೆಯದರ ಚಿಪ್ 150 ಮೆಗಾಹರ್ಟ್ಜ್‌ನದಾದರೂ ಮೆಮೊರಿ 32 ಮೆಗಾಬೈಟ್. ಪಟ್ಟಿಯನ್ನು ಇಲ್ಲಿಗೇ ಓದಿ ನಿಲ್ಲಿಸಿದವರಿಗೆ ಇಬ್ಬರೂ ಸಮಬಲರೆಂದು ತೋರುವುದು ಸಹಜ. ಆದರೆ ಪ್ರತಿ ಮಿಡಿತಕ್ಕೆ ಯಾವ ಕೆಲಸ ನಡೆಯುತ್ತದೆ ಎಂಬುದರಲ್ಲಿ ಇವು ಬೇರೆ ಬೇರೆ ದಾರಿ ಹಿಡಿದಿದ್ದವು. ವೂಡೂ3 ಒಂದು ಮಿಡಿತಕ್ಕೆ ಒಂದೇ ಪಿಕ್ಸೆಲ್‌ ಅನ್ನು, ಅಂದರೆ ಪರದೆಯ ಒಂದೇ ಚುಕ್ಕೆಯನ್ನು ಮುಗಿಸುತ್ತಿತ್ತು. ಆದರೆ ಅದರ ಮೇಲೆ ಎರಡು ಟೆಕ್ಸ್ಚರ್‌ಗಳನ್ನು, ಅಂದರೆ ಗೋಡೆ ನೆಲಗಳಿಗೆ ಹೊದಿಸುವ ಚಿತ್ರಗಳನ್ನು, ಒಟ್ಟಿಗೇ ಹಚ್ಚುತ್ತಿತ್ತು. ಟಿಎನ್‌ಟಿ2 ಎರಡು ಪಿಕ್ಸೆಲ್‌ಗಳನ್ನು ಏಕಕಾಲಕ್ಕೆ ಬಿಡಿಸಿದರೂ ಒಂದೊಂದಕ್ಕೆ ಒಂದೊಂದೇ ಟೆಕ್ಸ್ಚರ್ ಹಚ್ಚಬಲ್ಲದಾಗಿತ್ತು. ಹೀಗಾಗಿ ಒಂದೇ ಟೆಕ್ಸ್ಚರ್ ಸಾಕಾಗುವ ದೃಶ್ಯದಲ್ಲಿ ಎನ್ವಿಡಿಯಾದ ಕಾರ್ಡಿನ ಗರಿಷ್ಠ ಮಿತಿ ಸೆಕೆಂಡಿಗೆ 30 ಕೋಟಿ ಪಿಕ್ಸೆಲ್, ವೂಡೂ3ರದು 16.6 ಕೋಟಿ. ಗೋಡೆಯ ಚಿತ್ರದ ಮೇಲೆ ಬೆಳಕು ನೆರಳಿನ ಇನ್ನೊಂದು ಪದರವನ್ನು ಹೊದಿಸುವ ಕ್ವೇಕ್‌ನಂಥ ಆಟದಲ್ಲಾದರೋ ಲೆಕ್ಕ ತಿರುವುಮುರುವಾಗಿ, ವೂಡೂ3 ಅದೇ 16.6 ಕೋಟಿಯಲ್ಲಿ ನಿಂತರೆ ಟಿಎನ್‌ಟಿ2 15 ಕೋಟಿಗೆ ಇಳಿಯುತ್ತಿತ್ತು. ಎರಡೂ ಕಂಪನಿಗಳು ತಮಗೊಪ್ಪುವ ಅಂಕಿಯನ್ನೇ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ್ದರೆ ಒಂದೂ ಸುಳ್ಳಾಗುತ್ತಿರಲಿಲ್ಲ.

ಬಣ್ಣದ ಪ್ರಶ್ನೆ ಇದಕ್ಕಿಂತ ಜಟಿಲವಾದದ್ದು. ವೂಡೂ3 ಮೂರು ಆಯಾಮದ ಚಿತ್ರಗಳನ್ನು 16 ಬಿಟ್ ಬಣ್ಣದಲ್ಲಿ, ಅಂದರೆ 65,536 ಛಾಯೆಗಳಲ್ಲಿ ಮಾತ್ರ ಮೆಮೊರಿಗೆ ಬರೆಯುತ್ತಿತ್ತು. ಟಿಎನ್‌ಟಿ2 ಬಯಸಿದರೆ 32 ಬಿಟ್‌ಗೆ ಏರಿ ಸುಮಾರು 1.67 ಕೋಟಿ ಛಾಯೆಗಳನ್ನು ತೋರಿಸಬಲ್ಲದಾಗಿತ್ತು. ಆ ಏರಿಕೆಗೆ ತೆರಬೇಕಾದ ಬೆಲೆಯೂ ಇತ್ತು: 1024×768 ಪಿಕ್ಸೆಲ್‌ಗಳ ಒಂದು ಚಿತ್ರಕ್ಕೆ 16 ಬಿಟ್‌ನಲ್ಲಿ 1.5 ಮೆಗಾಬೈಟ್ ಸಾಕಾದರೆ 32 ಬಿಟ್‌ನಲ್ಲಿ 3 ಮೆಗಾಬೈಟ್ ಬೇಕು, ಚಿಪ್ಪಿಗೂ ಮೆಮೊರಿಗೂ ನಡುವಿನ ದಾರಿ ಮಾತ್ರ ಅಷ್ಟೇ ಅಗಲದ್ದು, ಆದ್ದರಿಂದ ದೊಡ್ಡ ಪರದೆಯಲ್ಲಿ ವೇಗ ಕುಸಿಯುತ್ತಿತ್ತು. ಬಣ್ಣಕ್ಕಿಂತ ವೇಗವೇ ಆಟಗಾರನಿಗೆ ಮುಖ್ಯವೆಂಬ ತ್ರೀಡಿಎಫ್‌ಎಕ್ಸ್‌ನ ವಾದ ಆ ಹೊತ್ತಿಗೆ ಪೊಳ್ಳಾಗಿರಲಿಲ್ಲ. ಅದರ ಕಾರ್ಡು ಚಿತ್ರವನ್ನು ಮಾನಿಟರಿಗೆ ಕಳುಹಿಸುವ ಕೊನೆಯ ಹಂತದಲ್ಲಿ ಒಂದು ಶೋಧಕವನ್ನು ಹಾಯಿಸಿ, ಸುಮಾರು 22 ಬಿಟ್‌ನಷ್ಟು ನಯವನ್ನು ಮರಳಿಸುತ್ತದೆಂದು ಕಂಪನಿ ಹೇಳಿಕೊಂಡಿತ್ತು. ವಿಪರ್ಯಾಸವೆಂದರೆ, ವಿಮರ್ಶಕರು ಅಚ್ಚಿಗೆ ಕೊಡಲು ಸೆರೆಹಿಡಿಯುತ್ತಿದ್ದ ಪರದೆಯ ಚಿತ್ರಗಳು ಮೆಮೊರಿಯಿಂದ ನೇರವಾಗಿ ತೆಗೆದವು. ಶೋಧಕದ ಕೆಲಸ ಅವುಗಳಲ್ಲಿ ಕಾಣಿಸಿಕೊಳ್ಳುತ್ತಲೇ ಇರಲಿಲ್ಲ. ಆದರೆ ಟೆಕ್ಸ್ಚರ್‌ಗಳು 256×256 ಪಿಕ್ಸೆಲ್ ಮೀರಬಾರದೆಂಬ ವೂಡೂ3ರ ಮಿತಿಗೆ ಇಂಥ ಸಮಾಧಾನವೇನೂ ಇರಲಿಲ್ಲ. ಟಿಎನ್‌ಟಿ2 2048×2048ರವರೆಗೆ ಹೋಗಬಲ್ಲದಾಗಿತ್ತು.

ಅಳೆಯುವ ಯಂತ್ರವೂ ಫಲಿತಾಂಶವನ್ನು ಬದಲಿಸುತ್ತಿತ್ತು. ದೃಶ್ಯವನ್ನು ಕಟ್ಟುವ ತ್ರಿಕೋನಗಳು ಪರದೆಯ ಮೇಲೆ ಎಲ್ಲೆಲ್ಲಿ ಬೀಳಬೇಕೆಂಬ ಗಣಿತ ಆಗಿನ್ನೂ ಮುಖ್ಯ ಪ್ರೊಸೆಸರಿನ ಪಾಲಿಗೇ ಇದ್ದುದರಿಂದ, ನಿಧಾನದ ಪ್ರೊಸೆಸರಿರುವ ಯಂತ್ರದಲ್ಲಿ, ಸಣ್ಣ ಪರದೆಯ ಪರೀಕ್ಷೆಯಲ್ಲಿ, ಎರಡೂ ಕಾರ್ಡುಗಳು ಹೆಚ್ಚುಕಡಿಮೆ ಒಂದೇ ಅಂಕಿ ಕೊಡುತ್ತಿದ್ದವು. ಅನ್‌ರಿಯಲ್ ಆಟವಂತೂ ಮೊದಲಿಗೆ ತ್ರೀಡಿಎಫ್‌ಎಕ್ಸ್‌ನ ಸ್ವಂತ ಗ್ಲೈಡ್ ವ್ಯವಸ್ಥೆಗೆ, ಅಂದರೆ ಆಟ ತನ್ನ ಆದೇಶಗಳನ್ನು ಕಾರ್ಡಿಗೆ ಮುಟ್ಟಿಸುವ ವಿಧಾನಕ್ಕೆ, ಹೊಂದಿಸಿ ಬರೆದದ್ದು; ಅದನ್ನಿಟ್ಟು ಮಾಡಿದ ಹೋಲಿಕೆಯನ್ನು ನ್ಯಾಯವಾದದ್ದೆಂದು ಕರೆಯುವುದು ಕಷ್ಟ.

ಮುಂದಿನದು ಬೇಗ ನಡೆದುಹೋಯಿತು. 1999ರ ಅಕ್ಟೋಬರಿನಲ್ಲಿ ಎನ್ವಿಡಿಯಾ ಹೊರತಂದ ಜಿಫೋರ್ಸ್ 256ರ ಮಿಡಿತ ಕೇವಲ 120 ಮೆಗಾಹರ್ಟ್ಜ್. ಆದರೂ ಮಿಡಿತಕ್ಕೆ ನಾಲ್ಕು ಪಿಕ್ಸೆಲ್‌ಗಳಂತೆ ಅದು ಸೆಕೆಂಡಿಗೆ 48 ಕೋಟಿ ಮುಟ್ಟಬಲ್ಲದಾಗಿತ್ತು, ತ್ರಿಕೋನಗಳ ಗಣಿತವನ್ನೂ ತಾನೇ ವಹಿಸಿಕೊಂಡಿತು. ತ್ರೀಡಿಎಫ್‌ಎಕ್ಸ್ ಆ ವೇಳೆಗೆ ಎಸ್‌ಟಿಬಿ ಸಿಸ್ಟಮ್ಸ್ ಎಂಬ ಕಾರ್ಡು ತಯಾರಕ ಕಂಪನಿಯನ್ನು ಕೊಂಡು ತನ್ನ ಕಾರ್ಡುಗಳನ್ನು ತಾನೇ ತಯಾರಿಸತೊಡಗಿತ್ತು. ಅದರ ಚಿಪ್‌ಗಳನ್ನು ನೆಚ್ಚಿದ್ದ ಇತರ ತಯಾರಕರು ಎದುರಾಳಿಯ ಕಡೆ ವಾಲಿದರು. 2000ದ ಡಿಸೆಂಬರಿನಲ್ಲಿ ಅದರ ಪ್ರಮುಖ ಆಸ್ತಿಗಳನ್ನು ಎನ್ವಿಡಿಯಾಕ್ಕೆ ಮಾರುವ ಘೋಷಣೆ ಹೊರಬಿತ್ತು. ಈ ಸೋಲಿಗೆ ಟೈಮ್‌ಡೆಮೊದ ಅಂಕಿಗಿಂತ ಕಾರ್ಡುಗಳನ್ನು ತಾನೇ ತಯಾರಿಸುವ ವ್ಯಾಪಾರದ ನಿರ್ಧಾರವೇ ಹೆಚ್ಚು ಕಾರಣವೆನ್ನಬೇಕು.

ಅಳತೆಗೋಲಿಗೇ ಮಹತ್ವ ಬಂದಾಗ ಅದನ್ನು ಬಗ್ಗಿಸುವ ಆಸೆಯೂ ಹುಟ್ಟುತ್ತದೆ. 2001ರಲ್ಲಿ ವಿಮರ್ಶಕರು ಕ್ವೇಕ್ 3 ಆಟದ ಕಡತದಲ್ಲಿದ್ದ ಕ್ವೇಕ್ ಎಂಬ ಹೆಸರನ್ನು ಕ್ವ್ಯಾಕ್ ಎಂದು ಬದಲಿಸಿ ನಡೆಸಿದಾಗ, ಎಟಿಐ ಕಂಪನಿಯ ರೇಡಿಯಾನ್ 8500 ಕಾರ್ಡಿನ ವೇಗ ತಗ್ಗಿ ಚಿತ್ರದ ಗುಣ ಹೆಚ್ಚಿತು. ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್, ಆಟದ ಹೆಸರನ್ನು ಗುರುತಿಸಿ ಟೆಕ್ಸ್ಚರ್‌ಗಳ ಗುಣವನ್ನು ತಗ್ಗಿಸುತ್ತಿತ್ತು. ಸರಾಸರಿಯ ಬಗೆಗಿನ ಅನುಮಾನ ಸ್ಪಷ್ಟ ರೂಪ ಪಡೆಯಲು ಇನ್ನೂ ಒಂದು ದಶಕ ಬೇಕಾಯಿತು. 59 ಫ್ರೇಮ್‌ಗಳು ತಲಾ 13 ಮಿಲಿಸೆಕೆಂಡಿನಲ್ಲಿ ಮುಗಿದು ಉಳಿದೊಂದಕ್ಕೆ 233 ಮಿಲಿಸೆಕೆಂಡು ಹಿಡಿದರೂ ಸರಾಸರಿ ಸೆಕೆಂಡಿಗೆ 60 ಎಂದೇ ಬರುತ್ತದೆ, ಆಡುವವನ ಕೈಗೆ ಮಾತ್ರ ಆ ಒಂದು ತಡೆಯೇ ತಿಳಿಯುತ್ತದೆ. 2011ರಲ್ಲಿ ಟೆಕ್ ರಿಪೋರ್ಟ್ ಜಾಲತಾಣ ಪ್ರತಿ ಫ್ರೇಮಿಗೆ ಹಿಡಿದ ಕಾಲವನ್ನು ಬಿಡಿಬಿಡಿಯಾಗಿ ಅಳೆದು ತೋರಿಸಿದ ನಂತರ, ಅತಿ ನಿಧಾನದ ಶೇ. 1ರಷ್ಟು ಫ್ರೇಮ್‌ಗಳ ಲೆಕ್ಕವೂ ಕ್ರಮೇಣ ಸರಾಸರಿಯ ಪಕ್ಕದಲ್ಲಿ ಜಾಗ ಪಡೆಯಿತು.