ಕೀಲಿಮಣೆಯ ಮೇಲೆ ಕನ್ನಡ

ಕಳೆದ ದೀಪಾವಳಿಗೆ ಮುಂಚೆ ನಮ್ಮ ಸಂಘದ ಕಚೇರಿಯಲ್ಲಿರುವ ಕಬ್ಬಿಣದ ಕಪಾಟನ್ನು ಶುಚಿಗೊಳಿಸುವ ಕೆಲಸ ನನ್ನ ಪಾಲಿಗೆ ಬಂತು. ಮೇಲಿನ ಹಲಗೆಯ ಮೇಲೆ ನಾಟಕದ ಕಿರೀಟ, ಗದೆಗಳು; ಕೆಳಗೆ ಹಳೆಯ ಲೆಕ್ಕದ ಪುಸ್ತಕಗಳು; ಅವುಗಳ ಹಿಂದೆ ಹಳೆ ಪಂಚೆಯಲ್ಲಿ ಸುತ್ತಿಟ್ಟಿದ್ದ ಒಂದು ಕನ್ನಡ ಬೆರಳಚ್ಚು ಯಂತ್ರ, ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿಯೊಳಗೆ ಇಪ್ಪತ್ತಮೂರು ಫ್ಲಾಪಿಗಳು. ಅವುಗಳ ಮೇಲೆ ನಮ್ಮ ಮಾಸಿಕದ ಹಳೆಯ ಸಂಚಿಕೆಗಳ ತಿಂಗಳು, ವರ್ಷಗಳನ್ನು ಚೆಂದದ ಕೈಬರಹದಲ್ಲಿ ಬರೆದಿತ್ತು. ಬೆರಳಚ್ಚು ಯಂತ್ರಕ್ಕೆ ಒಂದಿಷ್ಟು ಎಣ್ಣೆ ಬಿಟ್ಟು, ಹೊಸ ರಿಬ್ಬನ್ ಹಾಕಿ ಒತ್ತಿದೆವು, ‘ಕ’ ಮೂಡಿತು. ಅದಕ್ಕಿಂತ ಎಷ್ಟೋ ವರ್ಷ ಚಿಕ್ಕವಾದ ಫ್ಲಾಪಿಗಳು ಮಾತ್ರ ಮೂಕವಾಗಿದ್ದವು. ಹೀಗೇಕಾಯಿತು ಎಂದು ವಿಚಾರಿಸುತ್ತ ಹೋದಾಗ ಕನ್ನಡವು ಯಂತ್ರವನ್ನು ಏರಿದ ಕಥೆಯೇ ಎದುರಾಯಿತು. ಅದರಲ್ಲಿ ಮುಂಬಯಿ, ಪುಣೆಗಳ ಪಾಲು ನಾವು ತಿಳಿದಿರುವುದಕ್ಕಿಂತ ದೊಡ್ಡದು.

ಕೀಲಿಮಣೆ ಗಣಕಯಂತ್ರಕ್ಕಿಂತ ಬಹಳ ಹಿರಿಯದು. ಅಮೆರಿಕದ ಮಿಲ್ವಾಕಿ ಎಂಬ ಊರಿನ ಪತ್ರಿಕಾ ಸಂಪಾದಕ ಕ್ರಿಸ್ಟೋಫರ್ ಲ್ಯಾಥಮ್ ಶೋಲ್ಸ್ ತನ್ನ ಜೊತೆಗಾರರೊಡನೆ 1868ರಲ್ಲಿ ಬೆರಳಚ್ಚು ಯಂತ್ರಕ್ಕೆ ಪೇಟೆಂಟ್ ಪಡೆದ. ಬಂದೂಕು ಮತ್ತು ಹೊಲಿಗೆ ಯಂತ್ರಗಳನ್ನು ಮಾಡುತ್ತಿದ್ದ ರೆಮಿಂಗ್ಟನ್ ಕಂಪೆನಿ ಅದನ್ನು 1874ರಲ್ಲಿ ಮಾರಾಟಕ್ಕೆ ತಂದಿತು. ಹೊಲಿಗೆ ಯಂತ್ರದ ನೆನಪು ಹೋಗಿರಲಿಲ್ಲವೇನೋ, ಮೊದಲ ಮಾದರಿಯಲ್ಲಿ ಸಾಲು ಮುಗಿದಾಗ ಕಾಲಿನಿಂದ ಮೆಟ್ಟಿ ಗಾಡಿಯನ್ನು ಹಿಂದಕ್ಕೆ ತರಬೇಕಿತ್ತು! ಅದು ದೊಡ್ಡ ಅಕ್ಷರಗಳನ್ನು ಮಾತ್ರ ಬರೆಯುತ್ತಿತ್ತು. ಶಿಫ್ಟ್ ಕೀಲಿ ಬಂದದ್ದು 1878ರ ಮಾದರಿಯಲ್ಲಿ. ಅಕ್ಷರಗಳ ಆ ವಿಚಿತ್ರ ಅನುಕ್ರಮವನ್ನು ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳದಿರಲೆಂದು ಮಾಡಿದರು ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಇಬ್ಬರು ವಿದ್ವಾಂಸರು ಇದನ್ನು ಒಪ್ಪದೆ, ತಂತಿ ಕಚೇರಿಯ ನೌಕರರ ಅನುಕೂಲಕ್ಕೆ ತಕ್ಕಂತೆ ಅದು ಹಂತಹಂತವಾಗಿ ರೂಪುಗೊಂಡಿತೆಂದು ವಾದಿಸಿದ್ದಾರೆ. ಅದೇನೇ ಇರಲಿ, ಇಪ್ಪತ್ತಾರು ಅಕ್ಷರಗಳ ಭಾಷೆಗೆ ಅದು ಸಾಕಾಗಿತ್ತು.

ನಮ್ಮದೋ? ವರ್ಗೀಯ ವ್ಯಂಜನಗಳು ಇಪ್ಪತ್ತೈದು, ಅವರ್ಗೀಯ ಒಂಬತ್ತು, ಒಟ್ಟು ಮೂವತ್ತನಾಲ್ಕು. ಹದಿಮೂರು ಸ್ವರಗಳೊಡನೆ ಗುಣಿಸಿದರೆ ಗುಣಿತಾಕ್ಷರಗಳೇ 442 ಆಗುತ್ತವೆ. ಇನ್ನು ಒತ್ತಕ್ಷರಗಳ ಲೆಕ್ಕಕ್ಕೆ ಕೈಹಾಕುವುದೇ ಬೇಡ. ಬೆರಳಚ್ಚು ಯಂತ್ರದಲ್ಲಿ ಇರುವುದು ಸುಮಾರು ನಲವತ್ತಾರು ಕೀಲಿ, ಶಿಫ್ಟ್ ಸೇರಿಸಿದರೂ ತೊಂಬತ್ತೆರಡು ಜಾಗ. ಅಷ್ಟರೊಳಗೆ ಕನ್ನಡವನ್ನು ಹಿಡಿಸಬೇಕೆಂದರೆ ಅಕ್ಷರವನ್ನು ತುಂಡರಿಸದೆ ಗತಿಯಿಲ್ಲ. ಕನ್ನಡ ಬೆರಳಚ್ಚಿನ ಕೀಲಿಮಣೆಯೊಡನೆ ಅನಂತ ಸುಬ್ಬರಾಯರ ಹೆಸರು ಬೆಸೆದುಕೊಂಡಿರುವುದು ಈ ಕಾರಣಕ್ಕೆ. ಅಕ್ಷರದ ಒಡಲು ಒಂದು ಕಡೆ, ಕೊಂಬು, ಗುಡಿಸು, ದೀರ್ಘಗಳು ಇನ್ನೊಂದು ಕಡೆ, ಒತ್ತುಗಳು ಮತ್ತೊಂದು ಕಡೆ. ಕೆಲವು ಕೀಲಿಗಳನ್ನು ಒತ್ತಿದಾಗ ಗಾಡಿ ಮುಂದಕ್ಕೆ ಸರಿಯದೆ ಅಲ್ಲೇ ನಿಲ್ಲುತ್ತಿತ್ತು. ಹಾಗೆ ನಿಂತಾಗ ಒಂದರ ಮೇಲೊಂದು ಚೂರು ಬಿದ್ದು ಅಕ್ಷರ ಪೂರ್ತಿಯಾಗುತ್ತಿತ್ತು. ನಮ್ಮ ಸಂಘದ ಅಂದಿನ ಕಾರ್ಯದರ್ಶಿಗಳು ಸಂಜೆ ಬ್ಯಾಂಕಿನ ಕೆಲಸ ಮುಗಿಸಿ ಬಂದು ಸಭೆಯ ಸೂಚನಾಪತ್ರವನ್ನು ಸ್ಟೆನ್ಸಿಲ್ ಮೇಲೆ ಬಡಿಯುತ್ತಿದ್ದ ಸದ್ದು ನನಗಿನ್ನೂ ನೆನಪಿದೆ. ಟಕ್, ಟಕ್ ಎಂದು ಎರಡು ಪೆಟ್ಟು, ಆಮೇಲೆ ಒಂದು ಸರಿತ. ಒತ್ತು ಸ್ವಲ್ಪ ಜೋರಾದರೆ ಸ್ಟೆನ್ಸಿಲ್ ಹರಿದು ‘ಪುಟ್ಟ’ ಎಂಬಲ್ಲಿ ತೂತು ಬೀಳುತ್ತಿತ್ತು.

ಈ ಮಹಾನಗರದಲ್ಲಿಯೇ, ವಿಕ್ರೋಲಿಯ ಗೋದ್ರೆಜ್ ಕಾರ್ಖಾನೆ 1955ರಿಂದ ಭಾರತದಲ್ಲಿಯೇ ತಯಾರಾದ ಬೆರಳಚ್ಚು ಯಂತ್ರಗಳನ್ನು ಕೊಡತೊಡಗಿತು. ಮುಂದೆ ದೇಶಭಾಷೆಗಳ ಯಂತ್ರಗಳನ್ನೂ ಮಾಡಿತು. 2009ರ ಸುಮಾರಿಗೆ ಆ ತಯಾರಿಕೆ ನಿಂತಿತು.

ಗಣಕಯಂತ್ರವೂ ಮುಂಬಯಿಗೆ ಬೇಗನೇ ಬಂದಿತ್ತು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ಕಟ್ಟಿದ ಯಂತ್ರ 1960ರಲ್ಲಿ ಪೂರ್ಣವಾಗಿ ಕೆಲಸಕ್ಕೆ ತೊಡಗಿತು. 1962ರಲ್ಲಿ ನೆಹರೂ ಅವರು ಅದಕ್ಕೆ ‘ಟಿಫ್ರ್ಯಾಕ್’ ಎಂದು ಹೆಸರಿಟ್ಟರು. ರಂಧ್ರ ಕೊರೆದ ಕಾಗದದ ಪಟ್ಟಿಯಿಂದ ಅದಕ್ಕೆ ವಿಷಯ ಉಣಿಸುತ್ತಿದ್ದರು. ಟೆಲಿಪ್ರಿಂಟರ್ ಮೂಲಕ ಉತ್ತರ ಬರುತ್ತಿತ್ತು. ಆ ಮಹಾಯಂತ್ರದ ನೆನಪಿನ ಶಕ್ತಿ 40 ಬಿಟ್‌ಗಳ 2048 ಪದಗಳು. ನಮ್ಮ ಬಿಸ್ಕತ್ತಿನ ಡಬ್ಬಿಯಲ್ಲಿರುವ ಒಂದೊಂದು ಫ್ಲಾಪಿಯೂ ಅದರ 144 ಪಟ್ಟು ವಿಷಯ ಹಿಡಿಯುತ್ತದೆ ಎಂದರೆ ಓದುಗರು ನಕ್ಕಾರು. ಆದರೆ ಆ ಯಂತ್ರಕ್ಕಾಗಲಿ, ಅದರ ನಂತರ ಬಂದವುಗಳಿಗಾಗಲಿ ಕನ್ನಡದ ಒಂದಕ್ಷರವೂ ಗೊತ್ತಿರಲಿಲ್ಲ.

1981ರಲ್ಲಿ ಐಬಿಎಂ ಕಂಪೆನಿಯ ಪಿಸಿ ಬಂದು, ಅದರ ಅನುಕರಣೆಗಳು ನಮ್ಮ ಕಚೇರಿಗಳ ಮೇಜನ್ನೇರಿದಾಗಲೂ ಇದೇ ಸ್ಥಿತಿ. ಪರದೆಯ ಮೇಲೆ ಎಂಬತ್ತು ಕಂಬ, ಇಪ್ಪತ್ತೈದು ಸಾಲು. ಆಗಿನ ಬಣ್ಣದ ಪರದೆಯಲ್ಲಿ ಒಂದು ಅಕ್ಷರಕ್ಕೆ ದೊರೆಯುತ್ತಿದ್ದ ಜಾಗ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರ. ಅಷ್ಟರಲ್ಲಿ ‘ಸ್ತ್ರೀ’ ಎಂದು ಬರೆದು ನೋಡಿ! ಮೇಲೆ ಗುಡಿಸು, ಕೆಳಗೆ ಎರಡು ಒತ್ತು, ಪಕ್ಕಕ್ಕೆ ದೀರ್ಘ. ಒಂಬತ್ತು ಸೂಜಿಗಳ ಮುದ್ರಣಯಂತ್ರದ ಪಾಡೂ ಅದೇ. ಇಂಗ್ಲಿಷ್ ಸಾಲನ್ನು ಒಂದೇ ಓಟದಲ್ಲಿ ಮುಗಿಸುವ ತಲೆ, ಕನ್ನಡದ ಸಾಲಿಗೆ ಎರಡು ಮೂರು ಬಾರಿ ಹಿಂದೆ ಮುಂದೆ ಓಡಬೇಕು.

ಈ ಗಂಟನ್ನು ಬಿಚ್ಚುವ ಕೆಲಸ ಕಾನ್ಪುರದ ಐಐಟಿಯಲ್ಲಿ ಆರಂಭವಾಯಿತು. ಆರ್.ಎಂ.ಕೆ. ಸಿನ್ಹಾ, ಮೋಹನ್ ತಾಂಬೆ ಮೊದಲಾದವರು ದುಡಿದ ದೇವನಾಗರಿ ಯಂತ್ರವೊಂದನ್ನು 1983ರಲ್ಲಿ ದೆಹಲಿಯ ಮೂರನೆಯ ವಿಶ್ವ ಹಿಂದಿ ಸಮ್ಮೇಳನದಲ್ಲಿ ಪ್ರದರ್ಶಿಸಲಾಯಿತು. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಆರಂಭವಾದಾಗ ತಾಂಬೆಯವರ ಕೆಲಸ ಅಲ್ಲಿಗೆ ಬಂತು. ಸಿ-ಡ್ಯಾಕ್ ಎಂದೊಡನೆ ಎಲ್ಲರೂ ವಿಜಯ್ ಭಟ್ಕರ್ ಅವರ ಮುಂದಾಳುತನದ ‘ಪರಮ್’ ಮಹಾಗಣಕವನ್ನು ನೆನೆಯುತ್ತಾರೆ. ನನ್ನಂಥವನಿಗೆ ಅದಕ್ಕಿಂತ ಆಪ್ತವಾದದ್ದು ಅಲ್ಲಿಯ ‘ಜಿಸ್ಟ್’ ಕಾರ್ಡು.

ಗಣಕದ ಹೊಟ್ಟೆಯೊಳಗಿನ ಖಾಲಿ ಸೀಳಿಗೆ ಸಿಕ್ಕಿಸುವ ಒಂದು ಹಲಗೆ ಅದು. ಪರದೆಯ ಮೇಲೆ ಅಕ್ಷರ ಬಿಡಿಸುವ ಕೆಲಸವನ್ನು ಅದೇ ವಹಿಸಿಕೊಳ್ಳುತ್ತಿತ್ತು. ಹೀಗಾಗಿ ಇಂಗ್ಲಿಷಿಗೆಂದೇ ಬರೆದ ಡಿಬೇಸ್, ವರ್ಡ್‌ಸ್ಟಾರ್‌ಗಳಂಥ ಸಾಫ್ಟ್‌ವೇರ್‌ಗಳು ತಮಗರಿವಿಲ್ಲದೆಯೇ ಕನ್ನಡ ಮಾತಾಡತೊಡಗಿದವು. ತೊಂಬತ್ತರ ದಶಕದ ಆರಂಭದಲ್ಲಿ ಪುಣೆಯ ಸ್ನೇಹಿತರೊಬ್ಬರ ಕಚೇರಿಯಲ್ಲಿ ಇದನ್ನು ನೋಡಲೆಂದೇ ನಾನೂ ಕಾರ್ಯದರ್ಶಿಗಳೂ ಡೆಕ್ಕನ್ ಕ್ವೀನ್ ಹಿಡಿದು ಹೋಗಿದ್ದೆವು. “ರಾಯರೇ, ನಿಮ್ಮ ಸದಸ್ಯರ ವಿಳಾಸ ಪಟ್ಟಿ ಇದೆಯಲ್ಲ, ನಾಲ್ಕು ಹೆಸರು ಹೇಳಿ” ಎಂದರು ಸ್ನೇಹಿತರು. ಹೇಳಿದೆವು. ಕನ್ನಡದಲ್ಲಿ ಮೂಡಿದವು. ಇನ್ನೊಂದು ಕೀಲಿ ಒತ್ತಿದರು. ಅದೇ ಹೆಸರುಗಳು, ಅದೇ ಬೀದಿಗಳು ದೇವನಾಗರಿಯಲ್ಲಿ! ನಮ್ಮ ಅಂಚೆಯವನಿಗೆ ಕನ್ನಡ ಬಾರದೆ ಎಷ್ಟೋ ಸಂಚಿಕೆಗಳು ಹಿಂದಿರುಗುತ್ತಿದ್ದ ಕಾಲ ಅದು. ಕಾರ್ಯದರ್ಶಿಗಳು ಕುರ್ಚಿಯಿಂದ ಎದ್ದೇ ನಿಂತರು. ನಮ್ಮ ಹ್ರಸ್ವ ಎಕಾರ, ಒಕಾರಗಳು ಮಾತ್ರ ಮರಾಠಿಗೆ ಒಗ್ಗದೆ ಅಡ್ಡಬಂದವು. ಬೆಲೆ ಕೇಳಿದ ಮೇಲೆ ನಾವಿಬ್ಬರೂ ಸುಮ್ಮನೆ ಚಹ ಕುಡಿದು ಸಂಜೆಯ ಗಾಡಿಗೆ ಮರಳಿದೆವು.

ಆ ಚಮತ್ಕಾರದ ಗುಟ್ಟು ಸಂಕೇತದಲ್ಲಿತ್ತು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳೆಲ್ಲ ಒಂದೇ ವರ್ಣಮಾಲೆಯ ಬೇರೆ ಬೇರೆ ಉಡುಪುಗಳು. ಆದ್ದರಿಂದ ಕನ್ನಡದ ‘ಕ’ಕ್ಕೂ ದೇವನಾಗರಿಯ ‘ಕ’ಕ್ಕೂ ತಮಿಳಿನ ‘ಕ’ಕ್ಕೂ ಒಂದೇ ಸಂಖ್ಯೆ ಕೊಟ್ಟರೆ ಸಾಕು. ‘ಇಸ್ಕಿ’ ಎಂಬ ಈ ಸಂಕೇತವನ್ನು 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಅಂಗೀಕರಿಸಿತು. ಇದೇ ತತ್ತ್ವದ ಮೇಲೆ 1986ರಲ್ಲಿಯೇ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ‘ಇನ್‌ಸ್ಕ್ರಿಪ್ಟ್’ ಕೀಲಿಮಣೆಯನ್ನು ಮುಂದಿಟ್ಟಿತ್ತು. ಎಡಗೈಗೆ ಸ್ವರ, ಬಲಗೈಗೆ ಬಹುಪಾಲು ವ್ಯಂಜನ. ಅಲ್ಪಪ್ರಾಣ ಕೆಳಗೆ, ಮಹಾಪ್ರಾಣ ಅದೇ ಕೀಲಿಯ ಶಿಫ್ಟ್‌ನಲ್ಲಿ. ಒಂದು ಭಾಷೆಗೆ ಕಲಿತರೆ ಎಲ್ಲ ಭಾಷೆಗೂ ಕಲಿತಂತೆ. ತರ್ಕಬದ್ಧವಾದ ಏರ್ಪಾಡು, ಸಂದೇಹವಿಲ್ಲ. ಆದರೆ ಇಂಗ್ಲಿಷ್ ಅಕ್ಷರ ಅಚ್ಚಾಗಿರುವ ಕೀಲಿಮಣೆಯ ಮುಂದೆ ಕುಳಿತ ಕನ್ನಡಿಗನ ಬೆರಳು ಆ ತರ್ಕಕ್ಕೆ ಸುಲಭವಾಗಿ ಬಗ್ಗಲಿಲ್ಲ.

ಬಗ್ಗುವ ದಾರಿಯನ್ನು ತೋರಿದವರು ಕೆ.ಪಿ. ರಾವ್. ದಕ್ಷಿಣ ಕನ್ನಡದ ಕಿನ್ನಿಕಂಬಳದವರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ, ಬಳಿಕ ಟಾಟಾ ಪ್ರೆಸ್ಸಿನಲ್ಲಿ ದುಡಿದವರು. ಬೆಳಕಿನಿಂದ ಅಕ್ಷರ ಜೋಡಿಸುವ ಯಂತ್ರಗಳ ಒಳಹೊರಗನ್ನು ಬಲ್ಲವರು. ಅವರ ಆಲೋಚನೆ ಬಹು ಸರಳ: ಕೈ ಬರೆಯುವ ಆಕಾರವನ್ನು ಬಿಡಿ, ಬಾಯಿ ನುಡಿಯುವ ಕ್ರಮವನ್ನು ಹಿಡಿಯಿರಿ. ಕನ್ನಡವನ್ನು ಬರೆಯಲು ಇಪ್ಪತ್ತಾರು ಇಂಗ್ಲಿಷ್ ಕೀಲಿಗಳೇ ಸಾಕು. ‘ಕೆ’ ಒತ್ತಿದರೆ ಕ, ಶಿಫ್ಟ್‌ನೊಡನೆ ಖ. ವ್ಯಂಜನದ ನಂತರ ಸ್ವರ ಒತ್ತಿದರೆ ತಾನಾಗಿ ಗುಣಿತ. ಎರಡು ವ್ಯಂಜನಗಳನ್ನು ಬೆಸೆಯಲು ನಡುವೆ ‘ಎಫ್’. ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದು ಬಾರಿ ಒತ್ತಿದರೆ ‘ಕನ್ನಡ’. ಒತ್ತು ಎಲ್ಲಿ ಕೂರಬೇಕು, ಅರ್ಕಾವೊತ್ತು ಎಲ್ಲಿಗೆ ಹೋಗಬೇಕು ಎಂಬುದು ಯಂತ್ರದ ತಲೆನೋವು, ಬರೆಯುವವನದಲ್ಲ. ಬೆರಳಚ್ಚು ಯಂತ್ರ ತುಂಡು ಮಾಡಿದ್ದ ಅಕ್ಷರ ಹೀಗೆ ಮತ್ತೆ ಇಡಿಯಾಯಿತು. ಈ ಕೀಲಿಮಣೆಯ ತತ್ತ್ವವನ್ನಾಗಲಿ, ಹಿರಿಯ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟ ತಮ್ಮ ತಂತ್ರಾಂಶವನ್ನಾಗಲಿ ರಾಯರು ಹಣಕ್ಕೆ ಮಾರಲಿಲ್ಲ. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರ ಇದೇ ವಿನ್ಯಾಸವನ್ನು ಅಲ್ಪಸ್ವಲ್ಪ ತಿದ್ದಿ ಮಾನಕವಾಗಿ ಒಪ್ಪಿಕೊಂಡಿತು; ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಅದು ಮನೆಮನೆಗೆ ಹೋಯಿತು. ಅದಕ್ಕೂ ಮುನ್ನ 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಬಂದು, ಕಡಲಾಚೆಯ ಕನ್ನಡಿಗರಿಗೂ ಅಕ್ಷರ ಒದಗಿಸಿತ್ತು.

ಇಷ್ಟು ಹೇಳಿದ ಮೇಲೆ ನಮ್ಮ ಫ್ಲಾಪಿಗಳ ವಿಷಯಕ್ಕೆ ಬರಬೇಕು. ಜಿಸ್ಟ್ ಕಾರ್ಡು ಕೈಗೆಟುಕದೆ, ಕೆಲವು ವರ್ಷಗಳ ಬಳಿಕ ನಾವು ಒಂದು ಕಂಪೆನಿಯ ಪುಟವಿನ್ಯಾಸದ ತಂತ್ರಾಂಶ ಕೊಂಡೆವು. ಆ ಕಾಲದ ಇಂಥ ಎಲ್ಲ ತಂತ್ರಾಂಶಗಳ ಪದ್ಧತಿಯೂ ಒಂದೇ. ಇಂಗ್ಲಿಷ್ ಅಕ್ಷರಗಳಿಗೆಂದು ಮೀಸಲಾದ ಸಂಖ್ಯೆಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸುವುದು. ಕೂರಿಸಿದ ಕ್ರಮ ಮಾತ್ರ ಒಬ್ಬೊಬ್ಬರದು ಒಂದೊಂದು. ಇಸ್ಕಿ ಎಂಬ ಮಾನಕ ಪುಸ್ತಕದಲ್ಲಿ ಉಳಿಯಿತು. ಮಾರುಕಟ್ಟೆಯಲ್ಲಿ ಪ್ರತಿ ಕಂಪೆನಿಯೂ ತನ್ನದೇ ಒಂದು ಗುಪ್ತ ಲಿಪಿಯನ್ನು ನಡೆಸಿತು. ಸಾಲದ್ದಕ್ಕೆ, ಕಳ್ಳಪ್ರತಿ ಮಾಡದಂತೆ ತಡೆಯಲು ಮುದ್ರಣಯಂತ್ರದ ಕಿಂಡಿಗೆ ಸಿಕ್ಕಿಸುವ ಒಂದು ಗೂಟ ಕೊಟ್ಟಿದ್ದರು. ‘ಡಾಂಗಲ್’ ಎಂದು ಅದರ ಹೆಸರು. ಅದಿಲ್ಲದೆ ತಂತ್ರಾಂಶ ಕಣ್ಣೇ ತೆರೆಯದು. ಒಂದು ಮಳೆಗಾಲ ಕಚೇರಿಗೆ ನೀರು ನುಗ್ಗಿ ಗೂಟ ಕೆಟ್ಟಿತು. ಇನ್ನೊಂದನ್ನು ಕೇಳಿ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಆ ಕಂಪೆನಿ ಈಗಿಲ್ಲ.

ಆ ವೇಳೆಗೆ ಯೂನಿಕೋಡ್ ಬಂದಿತ್ತು. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಜಾಗವಿತ್ತು. ಅದರ ಅನುಕ್ರಮಕ್ಕೆ ಇಸ್ಕಿಯೇ ಆಧಾರ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಹೆಸರಿನ ಕನ್ನಡ ಅಕ್ಷರಮಾದರಿ ಬಂದ ಮೇಲೆ ಕಾರ್ಡಿನ ಹಂಗೂ ಗೂಟದ ಹಂಗೂ ತಪ್ಪಿದವು. ಹೊಸದಾಗಿ ಬರೆದದ್ದೆಲ್ಲ ಸುರಕ್ಷಿತ. ಹಳೆಯದನ್ನು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಯುಎಸ್‌ಬಿ ಕಿಂಡಿಗೆ ಜೋಡಿಸುವ ಫ್ಲಾಪಿ ಡ್ರೈವನ್ನು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹುಡುಕಿ ತಂದೆ. ಇಪ್ಪತ್ತಮೂರರಲ್ಲಿ ಹದಿನಾಲ್ಕಕ್ಕೆ ಬೂಷ್ಟು ಹಿಡಿದಿತ್ತು. ಒಂಬತ್ತು ಓದಿಕೊಂಡವು, ಆದರೆ ಪರದೆಯ ಮೇಲೆ ಬಂದದ್ದು ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ, ಡಾಲರ್ ಗುರುತುಗಳ ಚಿತ್ರಾನ್ನ. ಎಂಟು ಸಂಚಿಕೆಗಳ ಮುದ್ರಿತ ಪ್ರತಿ ನಮ್ಮಲ್ಲಿರುವುದರಿಂದ ಅವುಗಳ ಚಿಂತೆಯಿಲ್ಲ. ಒಂಬತ್ತನೆಯದರ ಪ್ರತಿ ಮಾತ್ರ ಎಲ್ಲಿಯೂ ಇಲ್ಲ. ಅದು 1996ರ ನವೆಂಬರ್ ಸಂಚಿಕೆ. ಸಂಘವನ್ನು ಕಟ್ಟಿದ ಹಿರಿಯರೊಬ್ಬರು, ಊರಿನಿಂದ ತಗಡಿನ ಪೆಟ್ಟಿಗೆ ಹಿಡಿದು ಬೋರಿಬಂದರಿನಲ್ಲಿ ಇಳಿದ ದಿನದಿಂದ ಮೊದಲುಮಾಡಿ ಬರೆದ ನೆನಪುಗಳು ಅದರಲ್ಲಿವೆ. ಅವರು ತೀರಿಕೊಂಡು ಬಹಳ ವರ್ಷಗಳಾದವು. ಕೈಬರಹದ ಮೂಲ ಅಚ್ಚುಕೂಟದಲ್ಲಿಯೇ ಉಳಿಯಿತು.

ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಅಕ್ಷರ ಕಲಿತು, ಈಗ ಇಂಜಿನಿಯರಿಂಗ್ ಓದುತ್ತಿರುವ ಹುಡುಗಿಯೊಬ್ಬಳು ಇದನ್ನು ಕೇಳಿ, “ಅಂಕಲ್, ಮುದ್ರಿತ ಪ್ರತಿ ಇರುವ ಒಂದು ಸಂಚಿಕೆ ಕೊಡಿ” ಎಂದಳು. ಕೊಟ್ಟೆ. ಒಂದು ಕಡೆ ಅಚ್ಚಾದ ಪುಟ, ಇನ್ನೊಂದು ಕಡೆ ಪರದೆಯ ಚಿತ್ರಾನ್ನ. ಯಾವ ಗುರುತು ಯಾವ ಚೂರು ಎಂದು ಒಂದೊಂದಾಗಿ ತಾಳೆ ನೋಡಿ ನೋಟುಪುಸ್ತಕದಲ್ಲಿ ಪಟ್ಟಿ ಬರೆದುಕೊಂಡಳು. ಮೂರು ಭಾನುವಾರ ಹಿಡಿಯಿತು. ಆ ಪಟ್ಟಿಯಂತೆ ಕಳೆದುಹೋದ ಸಂಚಿಕೆಯನ್ನು ಯೂನಿಕೋಡಿಗೆ ತಿರುಗಿಸಿದಾಗ, ಬೋರಿಬಂದರದ ಆ ಮುಂಜಾನೆ ಸಾಲುಸಾಲಾಗಿ ಪರದೆಯ ಮೇಲೆ ಬಂತು.

ನಾಲ್ಕು ಒತ್ತಕ್ಷರಗಳ ಗುರುತು ಇನ್ನೂ ಪತ್ತೆಯಾಗಿಲ್ಲ. ಅವು ಬರುವ ಕಡೆಯಲ್ಲೆಲ್ಲ ಊಹೆಯಿಂದ ತುಂಬದೆ ಖಾಲಿ ಬಿಟ್ಟಿದ್ದೇವೆ. ಎರಡು ಊರುಗಳ ಹೆಸರು, ಒಬ್ಬ ಮಹನೀಯರ ಹೆಸರು ಅದರಿಂದ ಅರ್ಧಕ್ಕೆ ನಿಂತಿವೆ. ಸದಸ್ಯರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ 1996ರ ನವೆಂಬರ್ ಸಂಚಿಕೆ ಉಳಿದಿದ್ದರೆ ದಯವಿಟ್ಟು ಕಚೇರಿಗೆ ತಂದು ತೋರಿಸಬೇಕು. ಅಂದೇ ನೋಡಿ ಹಿಂದಿರುಗಿಸುತ್ತೇವೆ.