ಕಾಲರೇಖೆ ಮತ್ತು ಕಾಲಚಕ್ರ: ಬೈಬಲ್ ಅಧ್ಯಯನದ ಒಂದು ವಾಗ್ವಾದ

ಗ್ರೀಕರ ಕಾಲ ಚಕ್ರಾಕಾರವಾದುದು, ಬೈಬಲ್ಲಿನ ಕಾಲ ರೇಖಾತ್ಮಕವಾದುದು ಎಂಬ ವಿಂಗಡಣೆ ಇಪ್ಪತ್ತನೆಯ ಶತಮಾನದ ನಡುಭಾಗದ ಕ್ರೈಸ್ತ ದೈವಶಾಸ್ತ್ರದಲ್ಲಿ ವ್ಯಾಪಕ ಮನ್ನಣೆ ಪಡೆದಿತ್ತು. ಅದರ ಆಧಾರಗಳು ಎಷ್ಟು ಗಟ್ಟಿಯಾದವು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಈ ವಿಂಗಡಣೆಯ ಪ್ರಮುಖ ಪ್ರತಿಪಾದಕರು ಬಾಸೆಲ್ ವಿಶ್ವವಿದ್ಯಾಲಯದ ಆಸ್ಕರ್ ಕುಲ್‌ಮನ್ (1902-1999). 1946ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ 'ಕ್ರಿಸ್ತ ಮತ್ತು ಕಾಲ' ಎಂಬ ಗ್ರಂಥದಲ್ಲಿ ಅವರು, ಸೃಷ್ಟಿಯಿಂದ ಅಂತ್ಯದವರೆಗೆ ಸಾಗುವ ರೇಖೆಗೆ ಕ್ರಿಸ್ತನೇ ಮಧ್ಯಬಿಂದು ಎಂದು ವಾದಿಸಿದರು. ನಿರ್ಣಾಯಕ ಯುದ್ಧವನ್ನು ಗೆದ್ದಾಗಿದೆ, ಆದರೆ ವಿಜಯದ ದಿನ ಇನ್ನೂ ಬಂದಿಲ್ಲ ಎಂಬ ಅವರ ರೂಪಕದಲ್ಲಿ ಆಗಷ್ಟೇ ಮುಗಿದಿದ್ದ ಮಹಾಯುದ್ಧದ ನೆರಳಿದೆ. ರುಡಾಲ್ಫ್ ಬುಲ್ಟ್‌ಮನ್ ಇದನ್ನು ಒಪ್ಪಲಿಲ್ಲ. ಇತಿಹಾಸದ ಅರ್ಥ ದೂರದ ಅಂತ್ಯದಲ್ಲಿಲ್ಲ, ಮನುಷ್ಯನು ವರ್ತಮಾನದಲ್ಲಿ ಕೈಗೊಳ್ಳುವ ನಿರ್ಧಾರದಲ್ಲಿದೆ ಎಂಬುದು 1955ರ ಗಿಫರ್ಡ್ ಉಪನ್ಯಾಸಗಳಲ್ಲಿ ಅವರು ಮಂಡಿಸಿದ ನಿಲುವು.

ಚರ್ಚೆಯ ಬುನಾದಿಯನ್ನೇ ಅಲುಗಿಸಿದವರು ಸ್ಕಾಟ್ಲೆಂಡಿನ ಜೇಮ್ಸ್ ಬಾರ್. ಗ್ರೀಕಿನ 'ಕ್ರೋನೋಸ್' ಎಂದರೆ ಬರಿಯ ಕಾಲಾವಧಿ, 'ಕೈರೋಸ್' ಎಂದರೆ ದೇವರು ನಿಗದಿಪಡಿಸಿದ ಸುಸಮಯ ಎಂದು ಕೆಲವು ವಿದ್ವಾಂಸರು ಭೇದ ಕಲ್ಪಿಸಿದ್ದರು. ಕುಲ್‌ಮನ್ನರೂ ಕಾಲವಾಚಕ ಪದಗಳಿಂದಲೇ ತಮ್ಮ ವಾದವನ್ನು ಆರಂಭಿಸಿದ್ದರು. 1962ರಲ್ಲಿ ಬಾರ್ ಈ ವಿಧಾನವನ್ನೇ ಪ್ರಶ್ನಿಸಿದರು. ಪದಗಳ ಪಟ್ಟಿಯಿಂದ ತತ್ತ್ವ ಹುಟ್ಟುವುದಿಲ್ಲ; ಅರ್ಥವನ್ನು ನಿರ್ಣಯಿಸುವುದು ವಾಕ್ಯ ಮತ್ತು ಸಂದರ್ಭ ಎಂಬುದು ಅವರ ವಾದದ ತಿರುಳು. 'ಅಪೊಸ್ತಲರ ಕೃತ್ಯಗಳು' ಮೊದಲ ಅಧ್ಯಾಯದ ಏಳನೆಯ ವಚನದಲ್ಲಿ ಆ ಎರಡೂ ಪದಗಳು ಜೊತೆಯಾಗಿಯೇ ಬರುತ್ತವೆ. ಇನ್ನು ಸೂರ್ಯನ ಉದಯಾಸ್ತಗಳ ಆವರ್ತನವನ್ನು ವರ್ಣಿಸುವ 'ಪ್ರಸಂಗಿ'ಯೂ ಬೈಬಲ್ಲಿನದೇ ಗ್ರಂಥ. ಗ್ರೀಕ್ ಪಕ್ಷವೂ ಹೀಗೆಯೇ ಸಡಿಲಗೊಂಡಿತು: ಹೆರೊಡೋಟಸ್, ಥುಸಿಡಿಡೀಸರ ಚರಿತ್ರೆಗಳು ಕಾಲಚಕ್ರದ ಚೌಕಟ್ಟಿಗೆ ಒಗ್ಗವೆಂದು ಆರ್ನಾಲ್ಡೊ ಮೊಮಿಲ್ಯಾನೊ 1966ರಲ್ಲಿ ತೋರಿಸಿದರು.

ಈ ವಾಗ್ವಾದ ನಮಗೂ ಸಂಬಂಧಪಟ್ಟದ್ದು. ಇದೇ ವಿಂಗಡಣೆಯನ್ನು ಭಾರತಕ್ಕೂ ಅನ್ವಯಿಸಿ, ಯುಗಚಕ್ರವನ್ನು ನಂಬಿದವರಿಗೆ ಇತಿಹಾಸಪ್ರಜ್ಞೆಯಿಲ್ಲವೆಂದು ತೀರ್ಮಾನಿಸಿದ್ದುಂಟು. ಪ್ರಾಚೀನ ಭಾರತದಲ್ಲಿ ಚಕ್ರ, ರೇಖೆ ಎರಡೂ ಒಟ್ಟಿಗೆ ಬಳಕೆಯಲ್ಲಿದ್ದವೆಂದು ರೊಮಿಲಾ ಥಾಪರ್ 1996ರಲ್ಲಿ ಪ್ರತಿಪಾದಿಸಿದರು. ನಮ್ಮ ಶಾಸನಗಳೇ ಇದಕ್ಕೆ ಸಾಕ್ಷಿ: ಮುಂದೆ ಮುಂದೆ ಸಾಗುವ ಶಕವರ್ಷದ ಪಕ್ಕದಲ್ಲಿಯೇ ಅರವತ್ತು ವರ್ಷಕ್ಕೊಮ್ಮೆ ಮರಳುವ ಸಂವತ್ಸರದ ಹೆಸರೂ ಇರುತ್ತದೆ.

ಒಂದು ಸಮಾಜದ ಕಾಲಕಲ್ಪನೆಯನ್ನು ಒಂದೇ ಆಕೃತಿಗೆ ಇಳಿಸುವುದು ಇತಿಹಾಸಕಾರನಿಗೆ ಸುಲಭ. ಆದರೆ ಆ ಸಮಾಜದ ಗ್ರಂಥಗಳೂ ಶಾಸನಗಳೂ ಅದನ್ನು ಒಪ್ಪುವುದಿಲ್ಲ.